ಓದದವರ ತಕರಾರಿಗೆ ಓದಿದವರ ಉತ್ತರ

ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಕಾದಂಬರಿ ನನಗೆ ಹಿಡಿಸಿತು ಎಂದು ಬರೆದದ್ದಕ್ಕೆ ಶಿಕಾರಿಪುರದಿಂದಲೂ ಸೊರಬದಿಂದಲೂ ಆಕ್ಷೇಪಗಳು ಬಂದಿವೆ. ಆಕ್ಷೇಪಿಸಿದವರೆಲ್ಲ ಹಿರಿಯರು, ಓದಿಕೊಂಡವರು. ಈ ಪುಸ್ತಕವೊಂದನ್ನು ಮಾತ್ರ ಓದಿಲ್ಲ. ಓದದೆಯೇ ತೀರ್ಪು ಕೊಡುವ ಅವರ ಧೈರ್ಯವನ್ನು ಮೆಚ್ಚುತ್ತಲೇ ಒಂದೊಂದು ತಕರಾರಿಗೂ ಉತ್ತರಿಸುತ್ತೇನೆ. ಯಾರ ಮಾತಿನಲ್ಲಿ ಹುರುಳಿದೆ ಎಂಬುದನ್ನು ಓದುಗರೇ ನಿರ್ಧರಿಸಲಿ.

ಮೊದಲ ತಕರಾರು: ರೆಕ್ಕೆಯ ಮನುಷ್ಯರು, ಶಾಪ, ಕಿನ್ನರಲೋಕದ ಪ್ರೇಮ ಇವೆಲ್ಲ ಪರದೇಶದ ಸರಕು, ನಮ್ಮ ಮಣ್ಣಿನದಲ್ಲ. ಯಾವ ಮಣ್ಣು ಸ್ವಾಮಿ? ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭವಿದೆ. ಅದರ ನೆತ್ತಿಯ ಮೇಲಿನ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮಾಸ್ ಕಲ್ಪಿಸಿದ ಗಂಡಸರಿಗೆ ರೆಕ್ಕೆ ಇದ್ದರೂ ತಲೆ ಒಂದೇ. ಕಲ್ಪನೆಯ ಧಾರಾಳತನದಲ್ಲಿ ಚಾಲುಕ್ಯರ ಕಾಲದ ಶಿಲ್ಪಿಯೇ ಒಂದು ಕೈ ಮೇಲು.

ಕಲ್ಲಿನ ಮಾತು ಸಾಲದಿದ್ದರೆ ಕಾವ್ಯವಿದೆ. ಹರಿಹರನ ಪ್ರಭುದೇವರ ರಗಳೆ ಶುರುವಾಗುವುದೇ ಕೈಲಾಸದಲ್ಲಿ. ನಿರ್ಮಾಯನೆಂಬ ಗಣ ಮತ್ತು ಸುರಸತಿಯೆಂಬ ರುದ್ರಕನ್ನಿಕೆ ಪರಸ್ಪರ ಮನಸೋಲುತ್ತಾರೆ. ಆ ತಪ್ಪಿಗೆ ಭೂಮಿಯಲ್ಲಿ ಹುಟ್ಟಬೇಕಾಗುತ್ತದೆ. ಅವನು ಬಳ್ಳಿಗಾವಿಯಲ್ಲಿ ಮದ್ದಳೆ ಬಾರಿಸುವ ಅಲ್ಲಮನಾಗುತ್ತಾನೆ, ಅವಳು ಕಾಮಲತೆಯಾಗುತ್ತಾಳೆ. ಇಬ್ಬರೂ ಕೂಡುತ್ತಾರೆ, ಅವಳು ಜ್ವರ ಬಂದು ತೀರಿಕೊಳ್ಳುತ್ತಾಳೆ, ಇವನು ಹುಚ್ಚನಂತೆ ಅಲೆಯುತ್ತಾನೆ. ಒಂದು ದಿನ ತೋಪಿನಲ್ಲಿ ಕೂತು ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ ಚಿನ್ನದ ಕಳಸ ತಾಗುತ್ತದೆ. ಅಗೆಸಿದರೆ ಹೂತುಹೋದ ಗುಡಿ, ಒದ್ದು ತೆರೆದ ಬಾಗಿಲ ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ ಅನಿಮಿಷ. ದಿವ್ಯಲೋಕದ ಪ್ರೇಮಿಗಳು, ಶಾಪ, ವಿರಹ, ನೆಲದಡಿಯ ಗುಟ್ಟು: ಪರದೇಶದ್ದೆಂದು ದೂರಿದ ಪ್ರತಿಯೊಂದೂ ಇಲ್ಲಿದೆ. ಹರಿಹರ ಅದನ್ನು ವೈರಾಗ್ಯದ ಕಡೆ ತಿರುಗಿಸಿದ, ಮಾಸ್ ತಿರುಗಿಸಲಿಲ್ಲ, ನಿಜ. ಆದರೆ ಅದು ಕಥೆ ಎಲ್ಲಿಗೆ ಮುಟ್ಟಿತು ಎಂಬ ಪ್ರಶ್ನೆ. ನಮ್ಮವರ ತಕರಾರು ಇದ್ದದ್ದು ಸಾಮಗ್ರಿಯ ಬಗ್ಗೆ.

ಎರಡನೆಯದು: ಪುಸ್ತಕ ಅಶ್ಲೀಲ, ಅಮೆರಿಕದವರೇ ಅದನ್ನು ನಿಷೇಧಿಸಿದ್ದಾರೆ. 2024ರಲ್ಲಿ ಯೂಟಾ ರಾಜ್ಯ ತನ್ನ ಸರ್ಕಾರಿ ಶಾಲೆಗಳಿಂದ ತೆಗೆಸಿದ 13 ಪುಸ್ತಕಗಳಲ್ಲಿ 6 ಈ ಲೇಖಕಿಯವು ಎಂಬುದು ಸರಿ. ಆದರೆ ಪಶ್ಚಿಮದ ಕಥೆ ನಮಗೆ ಒಗ್ಗದು ಎಂದವರು ಈಗಷ್ಟೇ ತಾನೆ ಮಾತು ಮುಗಿಸಿದ್ದು! ಪಶ್ಚಿಮದ ನಿಷೇಧ ಮಾತ್ರ ಅಷ್ಟು ಬೇಗ ಹೇಗೆ ಒಗ್ಗಿತು? ಅಲ್ಲಿ ತೆಗೆದದ್ದು ಶಾಲೆಯ ಕಪಾಟಿನಿಂದ. ಪುಸ್ತಕ ವಯಸ್ಕರದ್ದು, ಶಾಲೆಗೆ ತಕ್ಕದ್ದಲ್ಲ ಎಂದು ನಾನೂ ಬರೆದಿದ್ದೆ. ಮೊದಮೊದಲು ಹದಿಹರೆಯದವರ ಪುಸ್ತಕವೆಂದು ಮಾರಿದ್ದು ಪ್ರಕಾಶಕರ ವ್ಯಾಪಾರ, ಅದನ್ನು ನಾನು ಸಮರ್ಥಿಸುವುದಿಲ್ಲ. ಇನ್ನು ವಯಸ್ಕರೂ ಓದಬಾರದು ಎನ್ನುವವರು ಬಳ್ಳಿಗಾವಿಯ ತ್ರಿಪುರಾಂತಕ ಗುಡಿಯ ಪಟ್ಟಿಕೆಗಳನ್ನು ಹತ್ತಿರದಿಂದ ನೋಡಲಿ. ಅಲ್ಲಿನ ಮಿಥುನ ಶಿಲ್ಪಗಳು ತೀರ ಚಿಕ್ಕವು, ಬಗ್ಗಿ ನೋಡಿದರೆ ಮಾತ್ರ ಕಾಣುತ್ತವೆ. ನಮ್ಮವರು ಬಗ್ಗಿಲ್ಲವೋ, ಬಗ್ಗಿ ನೋಡಿ ಸುಮ್ಮನಿದ್ದಾರೋ, ಅವರೇ ಹೇಳಬೇಕು.

ಮೂರನೆಯದು ಸ್ವಲ್ಪ ತೂಕದ್ದು: ತನ್ನನ್ನು ಹೊತ್ತೊಯ್ದವನನ್ನೇ ನಾಯಕಿ ಪ್ರೀತಿಸುತ್ತಾಳೆ, ಹೆಣ್ಣುಮಕ್ಕಳಿಗೆ ಇದೆಂಥ ಮಾದರಿ? ಪ್ರಶ್ನೆ ಒಳ್ಳೆಯದೇ, ಆದರೆ ಅರ್ಧ ಕಥೆ ಕೇಳಿದವರದ್ದು. ಎರಡನೆಯ ಸಂಪುಟದಲ್ಲಿ, ಹೊತ್ತೊಯ್ದ ಆ ಟ್ಯಾಮ್ಲಿನ್ ‘ನಿನ್ನ ರಕ್ಷಣೆಗಾಗಿ’ ಎಂದು ನಾಯಕಿ ಫೇರಾಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ, ಅವಳು ಅವನನ್ನು ಬಿಟ್ಟು ಹೋಗುತ್ತಾಳೆ. ರಕ್ಷಣೆಯ ಹೆಸರಿನ ಸೆರೆಯನ್ನು ಲೇಖಕಿ ಸೆರೆಯೆಂದೇ ತೋರಿಸುತ್ತಾರೆ. ಶಿಕಾರಿಪುರದವರಿಗೆ ಇದು ಹೊಸ ಕಥೆ ಅನ್ನಿಸಿದ್ದೇ ನನಗೆ ಸೋಜಿಗ. ಉಡುತಡಿ ಇರುವುದು ಅವರ ತಾಲ್ಲೂಕಿನಲ್ಲೇ. ಹರಿಹರನ ಮಹಾದೇವಿ ಶರತ್ತು ಹಾಕಿಯೇ ಕೌಶಿಕನ ಅರಮನೆ ಹೊಕ್ಕಳು. ಅವನು ಮಾತು ಮೀರಿದಾಗ ಹೊರಟು ನಿಂತಳು. ಫೇರಾ ಮಹಾದೇವಿಗೆ ಸಮ ಎಂದು ನಾನು ಹೇಳುತ್ತಿಲ್ಲ (ಹಾಗೆ ತಿರುಚುವವರಿದ್ದಾರೆ, ಅದಕ್ಕೇ ಈ ಮಾತು). ಆದರೆ ಹೆಣ್ಣೊಬ್ಬಳು ಅರಮನೆಗೆ ಹೋದದ್ದನ್ನಷ್ಟೇ ಕೇಳಿ ಹೊರಗೆ ಬಂದದ್ದನ್ನು ಕೇಳದವರು ಎರಡು ಕಥೆಗೂ ಅನ್ಯಾಯ ಮಾಡುತ್ತಾರೆ.

ಕೊನೆಯದು ಪಲಾಯನವಾದ. ಬಡತನ, ಹಸಿವು ಇಲ್ಲದ ಸಾಹಿತ್ಯ ಬರೀ ಹೊತ್ತು ಕಳೆಯಲು ಎನ್ನುತ್ತಾರೆ. ಕಾದಂಬರಿಯ ಮೊದಲ ಪುಟ ತೆರೆದರೆ ಅಲ್ಲಿರುವುದು ಹಸಿವೇ: ಅಪ್ಪ ಮತ್ತು ಇಬ್ಬರು ಅಕ್ಕಂದಿರ ಹೊಟ್ಟೆ ಹೊರೆಯಲು ಹಿಮದಲ್ಲಿ ಬೇಟೆಗೆ ಕಾದು ಕೂತ ಹುಡುಗಿ. ಅವಳಿಗೆ ಓದು ಬಾರದು. ಇಡೀ ಪುಸ್ತಕದಲ್ಲಿ ನನ್ನ ಎದೆ ನಡುಗಿಸಿದ ಭಾಗ ಯುದ್ಧದ್ದಲ್ಲ, ಪ್ರಣಯದ್ದೂ ಅಲ್ಲ. ಶಾಪ ಕಳೆಯಲು ಅವಳು ಎದುರಿಸುವ ಪರೀಕ್ಷೆಗಳಲ್ಲಿ ಎರಡನೆಯದರಲ್ಲಿ ಗೋಡೆಯ ಮೇಲೆ ಒಂದು ಪ್ರಶ್ನೆ ಬರೆದಿದೆ, ಮುಂದೆ ಮೂರು ಸನ್ನೆಗೋಲುಗಳಿವೆ. ಪ್ರಶ್ನೆ ಓದಿ ಸರಿಯಾದದ್ದನ್ನು ಎಳೆಯಬೇಕು. ಮೇಲಿನಿಂದ ಕೆಂಪಗೆ ಕಾದ ಮೊಳೆಗಳ ಚಾವಣಿ ಇಳಿಯುತ್ತಿದೆ, ಪಕ್ಕದಲ್ಲಿ ಗೆಳೆಯನನ್ನು ಸರಪಳಿಯಲ್ಲಿ ಕಟ್ಟಿದ್ದಾರೆ. ಅಕ್ಷರ ಬಾರದ ಹುಡುಗಿ ಅಕ್ಷರದೆದುರು ನಿಂತಿದ್ದಾಳೆ. ಅನಕ್ಷರತೆಯ ಭಯವನ್ನು ಇಷ್ಟು ನೇರವಾಗಿ ಮುಟ್ಟಿಸಿದ ವಾಸ್ತವವಾದಿ ಕಾದಂಬರಿಗಳನ್ನು ನಾನು ಹೆಚ್ಚು ಓದಿಲ್ಲ. ಅಂದಹಾಗೆ, ಪಲಾಯನವಾದ ಎಂದವರು ರಾತ್ರಿಯಿಡೀ ಯಕ್ಷಗಾನ ನೋಡಿ ಗಂಧರ್ವರ ಪ್ರವೇಶಕ್ಕೆ ಚಪ್ಪಾಳೆ ತಟ್ಟುವವರು. ಆಗ ಅದು ಸಂಸ್ಕೃತಿ.

ಇಷ್ಟೆಲ್ಲ ಎದ್ದ ಗದ್ದಲದಲ್ಲಿ ನಾನೇ ಎತ್ತಿದ್ದ ಎರಡು ದೋಷಗಳನ್ನು ಒಬ್ಬರೂ ಮುಟ್ಟಲಿಲ್ಲ. ಮೊದಲರ್ಧದಲ್ಲಿ ಕಥೆ ತೆವಳುತ್ತದೆ, ವಸಂತದ ಆಸ್ಥಾನದ ತೋಟ ಸುತ್ತಿ ಸುತ್ತಿ ಕಾಲು ಸೋಲುತ್ತದೆ. ಇನ್ನೊಂದು ಅದಕ್ಕಿಂತ ದೊಡ್ಡದು. ಶಾಪ ಕೊಟ್ಟ ಅಮರಾಂಥಾ ಅದನ್ನು ಕಳೆಯಲು ಒಡ್ಡುವ ಒಗಟಿನ ಉತ್ತರ ‘ಪ್ರೀತಿ’ ಎಂದು ಓದುಗರಿಗೆ ಅದೇ ಪುಟದಲ್ಲಿ ಹೊಳೆಯುತ್ತದೆ, ಫೇರಾಗೆ ಹೊಳೆಯುವುದು ಸಾಯುವ ಹೊತ್ತಿಗೆ. ಕಾದಂಬರಿಯ ನಿಜವಾದ ಸೋಲು ಅಲ್ಲಿದೆ, ಅದನ್ನು ಹಿಡಿದು ಜಗ್ಗಿದ್ದರೆ ನಾನು ಉತ್ತರಕ್ಕೆ ತಡಕಾಡಬೇಕಿತ್ತು. ಆದರೆ ಅದು ಕಾಣಬೇಕಾದರೆ ಪುಸ್ತಕ ಓದಬೇಕು. ಮುಂದಿನ ಆಕ್ಷೇಪ ಬರೆಯುವವರು ದಯವಿಟ್ಟು ಅಲ್ಲಿಂದ ಶುರುಮಾಡಲಿ.