ಕುರಿಯ ರಸಮೇವಿಗೆ ತೋಟದ ಹಾಳೆ ಬೇಡ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಗೋವಿನಜೋಳದ ತೆನೆ ಮುರಿದ ಮೇಲೆ ಹೊಲದ ಸೊಪ್ಪೆಗೆ ಬೆಂಕಿ ಹಚ್ಚುವುದನ್ನು ಸದಸ್ಯರೆಲ್ಲ ಬಲ್ಲರು. ಬೇಸಿಗೆ ಬರುತ್ತಲೇ ಅದೇ ಊರುಗಳ ಕುರಿಗಾರರು ಮೇವು ಹುಡುಕುತ್ತಾ ಹೊರಡುತ್ತಾರೆ. ಅಡಿಕೆ ತೋಟ ಹೆಚ್ಚಿದಂತೆ ಮೇಯುವ ಬಯಲೂ ಕಿರಿದಾಗಿದೆ. ಕುರಿಗೊಬ್ಬರ ಬಯಸುವ ತೋಟಗಾರರು ಕುರಿಯ ಹೊಟ್ಟೆಯ ಬಗ್ಗೆಯೂ ಯೋಚಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಪರದೇಶಗಳಲ್ಲಿ ಮಾಂಸಕ್ಕಾಗಿ ಸಾಕಿದ ದನಗಳಿಗೆ ಗೋವಿನಜೋಳದ ರಸಮೇವು ಕೊಡುವುದು ಹಳೆಯ ರೂಢಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಎತ್ತು, ಕರುಗಳ ವಧೆಯನ್ನೂ 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿದೆ. ಆದ್ದರಿಂದ ಇಲ್ಲಿ ಮಾಂಸದ ಮಾತು ಬಂದರೆ ಅದು ಮುಖ್ಯವಾಗಿ ಕುರಿ, ಟಗರಿನ ಮಾತು.

ರಸಮೇವಿನ ಕೆಲಸ ಕಷ್ಟದ್ದಲ್ಲ. ಪೂರ್ತಿ ಒಣಗಿದ ಸೊಪ್ಪೆ ಇದಕ್ಕೆ ಬಾರದು. ತೆನೆ ಒಣಗಿದರೂ ದಂಟು ಹಸಿರಾಗಿರುವ ತಳಿ, ಬೀಜೋತ್ಪಾದನೆಯ ಹೊಲದಲ್ಲಿ ಪರಾಗಸ್ಪರ್ಶ ಮುಗಿದ ಮೇಲೆ ಕತ್ತರಿಸುವ ಗಂಡು ಸಾಲು, ಹಸಿ ತೆನೆ ಮಾರಿದ ಹೊಲದ ದಂಟು, ಇವೆಲ್ಲ ಯೋಗ್ಯ. ನೂರಕ್ಕೆ 65ರಿಂದ 70ರಷ್ಟು ತೇವವಿರುವಾಗ ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಾಗಲಿ ಚೀಲದಲ್ಲಾಗಲಿ ಗಾಳಿಯಿಲ್ಲದಂತೆ ತುಳಿದು ಮುಚ್ಚಿದರೆ ಸುಮಾರು 45 ದಿನಗಳಲ್ಲಿ ಸಿದ್ಧ. ಹದವಾದ ಹುಳಿ ವಾಸನೆ ಬಂದರೆ ಒಳ್ಳೆಯ ಮೇವು. ಬೂಷ್ಟು ಹಿಡಿದದ್ದನ್ನು ತಿಪ್ಪೆಗೇ ಎಸೆಯಬೇಕು. ಇದರಲ್ಲಿ ಸಸಾರಜನಕ ಕಡಿಮೆಯಾದ್ದರಿಂದ ಸ್ವಲ್ಪ ಶೇಂಗಾ ಹಿಂಡಿ ಸೇರಿಸಬೇಕು. ಹೊಟ್ಟೆ ತುಂಬ ಉಂಡ ಮರಿ ಬೇಗ ತೂಕಕ್ಕೆ ಬರುತ್ತದೆ. ಎಳೆಯ ವಯಸ್ಸಿನಲ್ಲೇ ಮಾರಾಟವಾಗುವುದರಿಂದ ಮಾಂಸ ಮೆತ್ತಗಿರುತ್ತದೆ.

ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಆದರೆ ಗುಂಡಿ ತುಂಬಿಸುವಾಗ ‘ತೋಟದ ಅಡಿಕೆ ಹಾಳೆ, ಕಾಫಿ ಹಣ್ಣಿನ ಸಿಪ್ಪೆ ಸುಮ್ಮನೆ ಬಿದ್ದಿದೆಯಲ್ಲ, ಅದನ್ನೂ ಹಾಕೋಣ’ ಎಂಬ ಯೋಚನೆ ಬರುವುದು ಸಹಜ. ಮದ್ದು ಹೊಡೆಯದ ಹಾಳೆಯನ್ನು ಹಸುವಿಗೆ ಹಾಕಬಹುದು, ನಿಜ. ಕುರಿಯ ವಿಷಯವೇ ಬೇರೆ.

ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಮದ್ದಿನಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ ಇರುತ್ತದೆ. ಮೈಲುತುತ್ತವೆಂದರೆ ತಾಮ್ರ. ಕುರಿಯ ಈಲಿ, ಅಂದರೆ ಪಿತ್ತಜನಕಾಂಗ, ತಾಮ್ರವನ್ನು ಹೊರಹಾಕಲಾರದೆ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಒಣ ಮೇವಿನ ಕಿಲೋಗೆ 15 ಮಿಲಿಗ್ರಾಂ ಮೀರಿದರೆ ಅಪಾಯ ಶುರು. ದನ ಇದಕ್ಕಿಂತ ಹೆಚ್ಚು ತಾಳಬಲ್ಲದು. ಹೊರನೋಟಕ್ಕೆ ಕುರಿ ಪುಷ್ಟವಾಗಿಯೇ ಇರುತ್ತದೆ. ಒಂದು ದಿನ ದೂರದ ಸಾಗಾಟವೋ ಉಪವಾಸವೋ ನೆಪವಾಗಿ ಆ ತಾಮ್ರ ರಕ್ತಕ್ಕಿಳಿಯುತ್ತದೆ. ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗಿ, ಕೆಲವೇ ದಿನದಲ್ಲಿ ಸಾಯುತ್ತದೆ. ಹಳದಿಗಟ್ಟಿದ ಆ ಮಾಂಸ ತಿನ್ನಲು ಬಾರದು. ರಸಮೇವಿನ ಹುಳಿ ಬೂಷ್ಟನ್ನು ತಡೆದೀತು, ತಾಮ್ರವನ್ನು ಕರಗಿಸಿ ಕಳೆಯದು. ಕಾಫಿ ಸಿಪ್ಪೆಯಲ್ಲಿ ಕೆಫೀನು, ಒಗರು ಬೇರೆ ಇರುತ್ತವೆ.

ತಾಮ್ರದಿಂದ ಕುರಿ ಸತ್ತಾಗ ಯಾರೂ ತೋಟವನ್ನು ಶಂಕಿಸುವುದಿಲ್ಲ. ‘ಕಾಮಾಲೆ ಬಂತು’ ಎಂದು ಕುರಿಗಾರ ಸುಮ್ಮನಾಗುತ್ತಾನೆ. ನಷ್ಟವೆಲ್ಲ ಅವನದೇ. ಆದ್ದರಿಂದ ತಿಳಿದ ನಾವೇ ಮುಂದಾಗಿ ಹೇಳಬೇಕಾದದ್ದು ಧರ್ಮ.

ನಮ್ಮ ಸಲಹೆ ಇಷ್ಟು. ಮದ್ದು ಹೊಡೆದ ತೋಟದ ಹಾಳೆ, ಸಿಪ್ಪೆ, ಕಳೆ ಗೊಬ್ಬರದ ಗುಂಡಿಗೆ ಹೋಗಲಿ. ಕುರಿಯ ಬಾಯಿಗೆ ಬೇಡ. ಆ ತೋಟದೊಳಗೆ ಕುರಿ ತರುಬುವುದೂ ಬೇಡ. ಬೇರೆ ಜಾಗದಲ್ಲಿ ತರುಬಿಸಿ ಗೊಬ್ಬರವನ್ನು ಗಾಡಿಯಲ್ಲಿ ತರಿಸಿಕೊಳ್ಳೋಣ. ಒಬ್ಬೊಬ್ಬರಿಗೆ ಮೇವು ಕತ್ತರಿಸುವ ಯಂತ್ರ ಕೊಳ್ಳುವುದು ಭಾರವಾದರೆ ನಾಲ್ಕಾರು ಜನ ಸೇರಿ ಕೊಳ್ಳಲಿ. ಗೋವಿನಜೋಳದವರು ದಂಟು ಕೊಡಲಿ, ತೋಟದವರು ಕೂಲಿಯ ಪಾಲು ಹೊರಲಿ, ಕುರಿಗಾರರು ಗೊಬ್ಬರ ಕೊಡಲಿ. ಈ ಲೆಕ್ಕದಲ್ಲಿ ಯಾರಿಗೂ ನಷ್ಟವಿಲ್ಲ. ಈ ಸುಗ್ಗಿಯಲ್ಲಿ ಸೊಪ್ಪೆಗೆ ಕಡ್ಡಿ ಗೀರುವ ಮುನ್ನ ಸದಸ್ಯರು ಕೂಡಿ ಮಾತನಾಡಬೇಕೆಂದು ವಿನಂತಿ.