ಎಲ್ಲರ ಉಸಿರೂ ಇಪ್ಪತ್ತೇ?

ಕೋಲ್ಕತ್ತದ ಒಂದು ಸರ್ಕಾರಿ ಆಸ್ಪತ್ರೆ, ಪುರುಷರ ವಾರ್ಡು, ಜನವರಿಯ ಚಳಿ. ಹೊತ್ತು ಹೋಗದೆ ಚಿಕ್ಕಪ್ಪನ ಮಂಚಕ್ಕೆ ನೇತುಹಾಕಿದ್ದ ಚಾರ್ಟು ಓದುತ್ತಿದ್ದೆ. ಜ್ವರ ಏರಿಳಿದಿತ್ತು, ಬಿಪಿ ಏರಿಳಿದಿತ್ತು, ನಾಡಿಯೂ ಅಷ್ಟೇ. ಉಸಿರಾಟದ ಕಾಲಂನಲ್ಲಿ ಮಾತ್ರ ಮೂರು ದಿನದಿಂದ 20, 20, 20. ಪಕ್ಕದ ಮಂಚದವರದೂ 20. ಅದೇ ಊರಿನ ಡಾಲ್‌ಹೌಸಿ ಚೌಕದ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಚಿಕ್ಕಪ್ಪ ಆರೋಗ್ಯವಾಗಿದ್ದಿದ್ದರೆ ಇಂಥ ಖಾತೆಯನ್ನು ನೋಡಿದ ಕೂಡಲೇ ವಾಪಸು ಕಳಿಸುತ್ತಿದ್ದರು. ಆಗ ಅವರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಮಂಕಿ ಕ್ಯಾಪಿನೊಳಗೆ ಮುಖ ಹುದುಗಿಸಿ, ಮೊಣಕೈಗಳನ್ನು ತೊಡೆಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದರು. ವಾಚು ನೋಡುತ್ತ ಒಂದು ನಿಮಿಷ ಅವರ ಹೊದಿಕೆಯ ಏರಿಳಿತ ಎಣಿಸಿದೆ. ಮೂವತ್ತೆರಡು.

ಇದರಿಂದ ಆ ವಾರ್ಡಿನ ಸಿಸ್ಟರುಗಳು ಸೋಮಾರಿಗಳೆಂದು ತೀರ್ಮಾನಿಸುವುದು ಸುಲಭ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ರಾತ್ರಿ ಮೂವತ್ತಕ್ಕೂ ಹೆಚ್ಚು ರೋಗಿಗಳಿಗೆ ಇಬ್ಬರೇ ಇದ್ದರು. ಒಬ್ಬೊಬ್ಬರ ಉಸಿರಿಗೆ ಪೂರ್ತಿ ಒಂದು ನಿಮಿಷ ಕೊಟ್ಟರೆ ಒಂದು ಸುತ್ತಿಗೆ ಅರ್ಧ ಗಂಟೆ ಅದಕ್ಕೇ ಬೇಕು. ಇಂಜೆಕ್ಷನ್, ನೆಬ್ಯುಲೈಸರ್, ಡ್ರಿಪ್, ಹೊಸ ಅಡ್ಮಿಷನ್, ಡಾಕ್ಟರಿಗೆ ಫೋನು, ಇವೆಲ್ಲ ಅದರ ಮೇಲೆ. ನಾಡಿಯನ್ನೂ ಬಿಪಿಯನ್ನೂ ಯಂತ್ರ ಹೇಳಿಬಿಡುತ್ತದೆ. ಇಂಥ ವಾರ್ಡಿನಲ್ಲಿ ಉಸಿರನ್ನು ಮಾತ್ರ ಮನುಷ್ಯರೇ ನಿಂತು ಎಣಿಸಬೇಕು. ಹಾಗಾಗಿ ಅಲ್ಲಿ ಅಂದಾಜು ಬಂದು ಕೂರುತ್ತದೆ. ಇದು ಕೋಲ್ಕತ್ತದ ರೋಗವೂ ಅಲ್ಲ. ಆಸ್ಟ್ರೇಲಿಯಾದ ವೈದ್ಯರು 2008ರಲ್ಲೇ ಉಸಿರಾಟದ ಗತಿಯನ್ನು ಕಡೆಗಣಿಸಲ್ಪಟ್ಟ ಲಕ್ಷಣವೆಂದು ಕರೆದು ಲೇಖನ ಬರೆದಿದ್ದರು.

ನನ್ನ ಪ್ರಶ್ನೆ ಇಷ್ಟೆ: ಉಸಿರಾಟದ ರೋಗಿಯ ಆರೈಕೆಯಲ್ಲಿ ನೋಡುತ್ತ ನಿಲ್ಲುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದೇ? ಒಪ್ಪಿಸಲಾಗದಿದ್ದರೆ ಆ ನಿಮಿಷ ಯಾರ ಕೈಯಿಂದ ಬರಬೇಕು?

ಯಂತ್ರದ ಪರ ವಾದಿಸುವವರು ಬೆರಳಿಗೆ ಸಿಕ್ಕಿಸುವ ಕ್ಲಿಪ್ಪನ್ನು ತೋರಿಸುತ್ತಾರೆ. ಜಪಾನಿನ ತಕುವೊ ಅವೊಯಾಗಿ 1970ರ ದಶಕದಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಗೂ ಬಂತು. ಅದರ ಉಪಕಾರ ದೊಡ್ಡದು, ತಕರಾರಿಲ್ಲ. ಆದರೆ ಅದು ಹೇಳುವುದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು. ಅಷ್ಟನ್ನು ಉಳಿಸಿಕೊಳ್ಳಲು ರೋಗಿ ಎಷ್ಟು ಗೇಯುತ್ತಿದ್ದಾನೆ ಎಂಬುದನ್ನಲ್ಲ. ಕತ್ತಿನ ಸ್ನಾಯು ಬಿಗಿದು, ಪಕ್ಕೆಲುಬಿನ ಸಂದು ಒಳಕ್ಕೆ ಎಳೆದು, ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲುವವನ ಕ್ಲಿಪ್ಪೂ 94 ತೋರಿಸೀತು. ಮೈ ಕೈಕೊಡುವ ಮುನ್ನ ಮೊದಲು ಬದಲಾಗುವುದು ಬಹಳ ಸಲ ಉಸಿರಿನ ಗತಿಯೇ. ಬ್ರಿಟನ್ನಿನ ಆಸ್ಪತ್ರೆಗಳು 2012ರಿಂದ ಬಳಸುತ್ತಿರುವ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ಉಸಿರು ನಿಮಿಷಕ್ಕೆ 25 ಮುಟ್ಟಿದರೆ ನೇರ ಮೂರು ಅಂಕ, ಅಂದರೆ ಅಪಾಯದ ಗರಿಷ್ಠ ಅಂಕ. ಅದೇ ಪಟ್ಟಿಯಲ್ಲಿ 20ಕ್ಕೆ ಸೊನ್ನೆ. ಎಣಿಸದೆ ಬರೆದ ಇಪ್ಪತ್ತು ಕಾಲಂ ತುಂಬಿಸುವುದಷ್ಟೇ ಅಲ್ಲ, ಯಾರನ್ನೂ ಕರೆಯಬೇಕಿಲ್ಲ ಎಂದೂ ಹೇಳಿಬಿಡುತ್ತದೆ.

ಕ್ಲಿಪ್ಪಿಗೂ ತನ್ನದೇ ದೋಷವಿದೆ. ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವ ಸಂಭವ ಜಾಸ್ತಿ ಎಂಬುದನ್ನು 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ನಮ್ಮ ಬಣ್ಣದವರಿಗೆ ಇದು ಪರದೇಶದ ಸುದ್ದಿಯಾಗಿ ಉಳಿಯುವುದಿಲ್ಲ. ಸಂಖ್ಯೆ ಸರಿಯಿದ್ದಾಗಲೂ ಅದರ ಅರ್ಥ ತಿಳಿಯಲು ಮನುಷ್ಯನನ್ನೇ ನೋಡಬೇಕು. 32 ಇದ್ದದ್ದು 12ಕ್ಕೆ ಇಳಿದರೆ ಗುಣವಾಗುತ್ತಿದೆ ಎಂದೂ ಆಗಬಹುದು, ದಣಿದು ಸೋಲುತ್ತಿದ್ದಾನೆ ಎಂದೂ ಆಗಬಹುದು.

ನಮ್ಮ ಭಾಷೆಗೆ ಇದು ಹಿಂದೆಯೇ ಗೊತ್ತಿತ್ತೆಂದು ತೋರುತ್ತದೆ. ಏದುಸಿರು, ಮೇಲುಸಿರು, ನಿಟ್ಟುಸಿರು, ಬಿಕ್ಕು, ಉಬ್ಬಸ, ದಮ್ಮು, ಉತ್ತರ ಕರ್ನಾಟಕದ ಗೂರಲು: ಒಂದೊಂದೂ ಒಂದೊಂದು ತರಹದ ಉಸಿರು. ಮೇಲುಸಿರು ಶುರುವಾಯಿತು ಎಂದು ಅಜ್ಜಿ ಅಂದರೆ ದೂರದೂರಿನ ಮಕ್ಕಳಿಗೆ ಸುದ್ದಿ ಹೋಗುತ್ತಿತ್ತು. ಹಾಸಿಗೆಯ ಪಕ್ಕ ಕೂತವರಿಂದಲೇ ಹುಟ್ಟಬಲ್ಲ ಮಾತುಗಳಿವು.

ಕೋಲ್ಕತ್ತದಲ್ಲಿ ಹಾಗೆ ಪಕ್ಕದಲ್ಲಿ ಕೂರುವವಳು ಆಯಾ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೆಯವರೇ ದುಡ್ಡು ಕೊಟ್ಟು, ಹನ್ನೆರಡು ಗಂಟೆಯ ಪಾಳಿಗೆ ಇಟ್ಟುಕೊಳ್ಳುವ ಹೆಂಗಸರಿವರು. ಆಸ್ಪತ್ರೆಯ ನೌಕರರಲ್ಲ, ತರಬೇತಿ ಇಲ್ಲ, ಆದರೂ ಅವರಿಲ್ಲದೆ ಎಷ್ಟೋ ವಾರ್ಡು ನಡೆಯುವುದಿಲ್ಲ. ನಮ್ಮ ಆಯಾ ಚಿಕ್ಕಪ್ಪನನ್ನು 'ದಾದು' ಅನ್ನುತ್ತಿದ್ದಳು, ಬಂಗಾಳಿಯಲ್ಲಿ ತಾತ. ದಾದಿ ಬಂದು ದಾದುವನ್ನು ನೋಡಿಕೊಳ್ಳುತ್ತಿದ್ದಾಳೆ ಎಂದು ನಾವು ಮನೆಯಲ್ಲಿ ನಗುತ್ತಿದ್ದೆವು.

ನಾಲ್ಕನೆಯ ದಿನ ನೋಡಲು ಬಂದ ನಮ್ಮವರೇ ಒಬ್ಬರು, 'ಪಾಪ, ಎಷ್ಟು ಒದ್ದಾಡ್ತಿದಾರೆ' ಎಂದು ಆಕ್ಸಿಜನ್ನಿನ ತಿರುಪನ್ನು ಎರಡು ಲೀಟರಿನಿಂದ ಆರಕ್ಕೆ ಏರಿಸಿ ಹೋದರು. ಕ್ಲಿಪ್ಪು 99ಕ್ಕೆ ಹೋಯಿತು. ನಮಗೆಲ್ಲ ಖುಷಿ. ಆಯಾ ಒಬ್ಬಳಿಗೆ ಸಮಾಧಾನವಿರಲಿಲ್ಲ. ದಾದು ಇವತ್ತು ಚಹಾ ಕೇಳಲಿಲ್ಲ, ಸಕ್ಕರೆ ಕಮ್ಮಿಯೆಂದು ಬೈಯಲಿಲ್ಲ, ಕೂಗಿದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ ಎಂದು ಸಿಸ್ಟರ್ ಹತ್ತಿರ ಓಡಿದಳು. ಸಿಸ್ಟರ್ ಬಂದವರೇ ಮೊದಲು ನೋಡಿದ್ದು ತಿರುಪನ್ನು.

ಚಿಕ್ಕಪ್ಪನ ಹಾಗೆ ವರ್ಷಗಟ್ಟಲೆ ಸಿಓಪಿಡಿ (ಶ್ವಾಸನಾಳ ಕಟ್ಟಿಕೊಳ್ಳುವ ದೀರ್ಘಕಾಲದ ಕಾಯಿಲೆ) ಇರುವ ಕೆಲವರಲ್ಲಿ ಆಮ್ಲಜನಕ ಮಿತಿಮೀರಿದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ. ಅದಕ್ಕೇ ಅಂಥವರಲ್ಲಿ ಕ್ಲಿಪ್ಪಿನ ಗುರಿ 88ರಿಂದ 92. ಆಯಾಗೆ ಇದಾವುದೂ ತಿಳಿಯದು. ಬೈಯುವವರು ಬೈಯಲಿಲ್ಲ ಎಂಬುದಷ್ಟೇ ಗೊತ್ತಿತ್ತು. ಸಿಸ್ಟರಿಗೆ ಕಾರಣ ಗೊತ್ತಿತ್ತು, ನೋಡುತ್ತ ಕೂರಲು ಹೊತ್ತಿರಲಿಲ್ಲ. ಆ ದಿನ ಎರಡೂ ಸಿಕ್ಕಿದ್ದು ನಮ್ಮ ಪುಣ್ಯ. ಪುಣ್ಯದ ಮೇಲೆ ವಾರ್ಡು ನಡೆಸುವುದು ಹೇಗೆ?

ಹಾಗಾದರೆ ಮನೆಯವರಿಗೂ ಆಯಾಗಳಿಗೂ ಕಲಿಸಿಬಿಡಿ ಎನ್ನಬಹುದು. ಈ ವಾದದಲ್ಲಿ ಹುರುಳಿದೆ. 1971ರಲ್ಲಿ ಬಾಂಗ್ಲಾ ಗಡಿಯ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲೂಕೋಸಿನ ಪುಡಿ ಕೋಲ್ಕತ್ತದಿಂದ ತರಿಸಿ, ನೀರಲ್ಲಿ ಕರಗಿಸಿ, ಕುಡಿಸುವ ಕೆಲಸವನ್ನು ಬಂಧುಗಳಿಗೇ ಒಪ್ಪಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮಕ್ಕಳ ನ್ಯುಮೋನಿಯಾದಲ್ಲೂ ಇಂಥ ಸರಳ ಅಳತೆಯಿದೆ: ಎರಡರಿಂದ ಹನ್ನೆರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಅಷ್ಟಾದರೆ ಅಥವಾ ದಾಟಿದರೆ ವೇಗದ ಉಸಿರು. 2023ರ ಆರಂಭದಲ್ಲಿ ಅಡೆನೋವೈರಸ್ ಹಬ್ಬಿ ಕೋಲ್ಕತ್ತದ ಫೂಲ್‌ಬಾಗಾನಿನ ಬಿ.ಸಿ. ರಾಯ್ ಮಕ್ಕಳ ಆಸ್ಪತ್ರೆ ತುಂಬಿ ತುಳುಕಿದಾಗ, ಜಿಲ್ಲೆಗಳಿಂದ ಮಗುವನ್ನು ಎತ್ತಿಕೊಂಡು ಓಡಿಬಂದ ತಾಯಂದಿರಲ್ಲಿ ಎಷ್ಟು ಮಂದಿಗೆ ಅಂಗಿ ಎತ್ತಿ ಎಣಿಸುವುದನ್ನು ಯಾರಾದರೂ ಕಲಿಸಿದ್ದರು? ಕಲಿಸಲೇಬೇಕು. ಆದರೆ ಕಲಿತವಳು ಸಿಸ್ಟರ್ ಹತ್ತಿರ ಓಡಿದಾಗ ಅಲ್ಲೊಬ್ಬ ಸಿಸ್ಟರ್ ಇರಬೇಕಲ್ಲ. ಬಂಧುಗಳ ಪ್ರೀತಿಯನ್ನು ಸಂಬಳವಿಲ್ಲದ ನೌಕರಿಯಾಗಿಸಿ ಹುದ್ದೆ ಖಾಲಿ ಬಿಡುವುದಕ್ಕೆ ಬನಗಾಂವ್ ನೆಪವಾಗಬಾರದು.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಲ್ಲಿ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗೊಬ್ಬ ದಾದಿ. ಕಾಗದ ಚೆನ್ನಾಗಿದೆ. 2020ರ ಮೇ ತಿಂಗಳಲ್ಲಿ, ಕೋವಿಡ್ ನಡುವೆ, ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮುನ್ನೂರಕ್ಕೂ ಹೆಚ್ಚು ದಾದಿಯರು, ಬಹುಪಾಲು ಮಣಿಪುರದವರು, ಕೆಲಸ ಬಿಟ್ಟು ಊರಿಗೆ ಹೊರಟಾಗ ಆ ನಗರದ ಉಸಿರು ಎಷ್ಟು ದೂರದ ಹುಡುಗಿಯರ ಕೈಯಲ್ಲಿತ್ತು ಎಂದು ಎಲ್ಲರಿಗೂ ತಿಳಿಯಿತು. ಮರುವರ್ಷ ಎರಡನೇ ಅಲೆಯಲ್ಲಿ, ಕಿನ್ನಿಗೋಳಿಯಲ್ಲಿ ಹುಟ್ಟಿ ಕೋಲ್ಕತ್ತದಲ್ಲಿ ಹೆಸರು ಮಾಡಿದ ಡಾ. ದೇವಿ ಶೆಟ್ಟಿಯವರು, ಆಮ್ಲಜನಕದ ಕೊರತೆ ನೀಗಿದ ಮೇಲೆ ಬರುವ ಸುದ್ದಿ ಐಸಿಯುಗಳಲ್ಲಿ ದಾದಿ-ವೈದ್ಯರಿಲ್ಲದೆ ಸಾಯುವವರದು ಎಂದು ಎಚ್ಚರಿಸಿ, ಓದು ಮುಗಿಸಿದ ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆತರಿ ಎಂದರು. ಆಕ್ಸಿಜನ್ ರೈಲಿನಲ್ಲಿ ಬರುತ್ತದೆ, ಅದರ ತಿರುಪು ಎಷ್ಟಿರಬೇಕೆಂದು ಬಲ್ಲವರು ಹಾಗೆ ಬರುವುದಿಲ್ಲ.

ಅಂಥವರ ನೆನಪು ನಮಗೆ ಬರುವುದು ದುರಂತದಲ್ಲಿ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಢಾಕುರಿಯಾದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿದ್ದು, ಹೊಗೆ ಮೇಲಿನ ವಾರ್ಡುಗಳಿಗೆ ನುಗ್ಗಿ ಸುಮಾರು ತೊಂಬತ್ತು ಜನ ಸತ್ತರು, ಹೆಚ್ಚಿನವರು ಉಸಿರುಕಟ್ಟಿ. ಕೇರಳದ ಇಬ್ಬರು ಎಳೆಯ ದಾದಿಯರು ಎಂಟು ರೋಗಿಗಳನ್ನು ಪಾರುಮಾಡಿ ತಾವು ಅಲ್ಲೇ ಉಳಿದರು. ದೇಶವೆಲ್ಲ ಹೊಗಳಿತು, ಹೊಗಳಬೇಕಾದದ್ದೇ. ಆದರೂ ದಾದಿ ಸತ್ತಾಗ ದೇವತೆ ಅನ್ನುವ ನಮ್ಮ ಅಭ್ಯಾಸ ನನಗೆ ಕಸಿವಿಸಿ ತರುತ್ತದೆ. ದೇವತೆಗೆ ಪಾಳಿ ಬದಲಿಸಿಕೊಡಬೇಕಿಲ್ಲ, ಸಂಬಳ ಏರಿಸಬೇಕಿಲ್ಲ, ಜೊತೆಗೆ ಇನ್ನೊಬ್ಬಳನ್ನು ನೇಮಿಸಬೇಕಿಲ್ಲ.

ತಿರುಪು ಇಳಿಸಿದ ಆ ಸಂಜೆ ಸಿಸ್ಟರ್ ಮತ್ತೆ ಬಂದರು. ಚಿಕ್ಕಪ್ಪನಿಗೆ ಎಚ್ಚರ ಪೂರ್ತಿ ಮರಳಿತ್ತು. ನಾಡಿ ನೋಡಿದ ಮೇಲೂ ಮಣಿಕಟ್ಟು ಬಿಡದೆ ಹಾಗೇ ನಿಂತರು. ಕಣ್ಣು ಮಾತ್ರ ಎದೆಯ ಮೇಲೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿ ತನಗರಿಯದೆ ಉಸಿರು ತಿದ್ದಿಕೊಳ್ಳುತ್ತಾನೆ, ಅದಕ್ಕೇ ದಾದಿಯರಿಗೆ ಈ ಉಪಾಯ ಕಲಿಸುತ್ತಾರಂತೆ. ಚಾರ್ಟಿನಲ್ಲಿ 26 ಎಂದು ಬರೆದು ಹೋದರು. ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು:

'ಅಷ್ಟು ಹೊತ್ತು ಕೈ ಹಿಡಕೊಂಡು ನಿಂತಿದ್ರಲ್ಲೋ, ಹಾರ್ಟಿಗೇನಾದ್ರೂ ಆಗಿದೆಯಾ?'