ಬಾಗೇವಾಡಿಯ ಹೆಸರಿನಲ್ಲಿ ತಪ್ಪಿಲ್ಲ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಹೆಸರುಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. ಮೊದಲ ಮೂರರಲ್ಲಿ ಇಲ್ಲದ್ದು ನಾಲ್ಕನೆಯದರಲ್ಲಿ ಒಂದಿದೆ. ಅದು ಅಕ್ಷರವಲ್ಲ, ಒತ್ತಕ್ಷರವೂ ಅಲ್ಲ. ನಡುವೆ ಬಿಟ್ಟ ಖಾಲಿ ಜಾಗ! ಈ ಜಾಗ ಒಮ್ಮೆ ಮಕ್ಕಳ ಮುಂದೆ ನಾನು ತಲೆ ತಗ್ಗಿಸುವಂತೆ ಮಾಡಿತು.

ನಾಲ್ಕೂ ತಾಲ್ಲೂಕಿನ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು, ಗಂಟೆಗೊಮ್ಮೆ ಅದರ ನೆರಳು ಅಳೆದು, ವಿಡಿಯೊ ಮಾಡಿ ಕಳಿಸಿದ್ದರು. ಅವನ್ನು ಒಂದರ ಹಿಂದೆ ಒಂದು ಪರದೆಯ ಮೇಲೆ ತೋರಿಸಬೇಕಿತ್ತು. ಪ್ರತಿ ಸಲ ಮೌಸ್ ಹಿಡಿದು ಹುಡುಕುವುದು ಬೇಡವೆಂದು ನಾನೊಂದು ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಮೊದಲೇ ಬರೆದುಕೊಡುವ ಕೆಲಸದ ಚೀಟಿ. ಅಮ್ಮ ನಿಮ್ಮನ್ನು ಸಂತೆಗೆ ಕಳಿಸುವಾಗ ಬರೆದುಕೊಡುವುದಿಲ್ಲವೇ, ಹಾಗೆ. ನನ್ನ ಚೀಟಿಯ ಸಾಲುಗಳು ಹೀಗಿದ್ದವು (ನಿಜವಾಗಿ ಇಂಗ್ಲಿಷ್ ಅಕ್ಷರಗಳಲ್ಲಿದ್ದವು, ಇಲ್ಲಿ ಕನ್ನಡದಲ್ಲಿ ತೋರಿಸುತ್ತೇನೆ):

ಸ್ಟಾರ್ಟ್ ಡಿ:\ಪಾಠ\ಇಂಡಿ\ನೆರಳು.ಎಂಪಿ4

ಇದರಲ್ಲಿ ‘ಸ್ಟಾರ್ಟ್’ ಎಂಬುದು ಆಜ್ಞೆ. ಉಳಿದದ್ದು ಫೈಲಿನ ವಿಳಾಸ: ಡಿ ಎಂಬ ಡಿಸ್ಕು, ಅದರೊಳಗೆ ‘ಪಾಠ’ ಎಂಬ ಫೋಲ್ಡರ್, ಅದರೊಳಗೆ ‘ಇಂಡಿ’, ಅದರೊಳಗೆ ವಿಡಿಯೊ. ಜಿಲ್ಲೆ, ತಾಲ್ಲೂಕು, ಊರು, ಓಣಿ, ಮನೆ ಎಂದು ನಾವು ವಿಳಾಸ ಹೇಳುವಂತೆಯೇ.

ಇಂಡಿಯ ನೆರಳು ಬಂತು. ಸಿಂದಗಿ ಬಂತು, ಮುದ್ದೇಬಿಹಾಳ ಬಂತು. ಬಸವನ ಬಾಗೇವಾಡಿಯ ಸರದಿ ಬಂದಾಗ ಪರದೆಯ ಮೇಲೆ ಒಂದು ಸಂದೇಶ ಮಾತ್ರ ಮೂಡಿತು: ‘ಡಿ:\ಪಾಠ\ಬಸವನ’ ಸಿಗಲಿಲ್ಲ! ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ತಾಲ್ಲೂಕಿನ ಹುಡುಗಿ ಕೇಳಿಯೇಬಿಟ್ಟಳು: “ಸರ್, ನಮ್ಮೂರಿಂದು ಯಾಕ ಬರವಲ್ದ್ರಿ?”

ಯಾಕೆ ಬರಲಿಲ್ಲ? ಆಜ್ಞೆ ಓದುವಾಗ ಕಂಪ್ಯೂಟರ್ ಖಾಲಿ ಜಾಗ ಕಂಡಲ್ಲೆಲ್ಲ ‘ಇಲ್ಲಿಗೆ ಒಂದು ಮಾತು ಮುಗಿಯಿತು’ ಎಂದುಕೊಳ್ಳುತ್ತದೆ. ‘ಸ್ಟಾರ್ಟ್’ ಮುಗಿದು ವಿಳಾಸ ಶುರುವಾಯಿತೆಂದು ಅದಕ್ಕೆ ಗೊತ್ತಾಗುವುದೇ ನಡುವಿನ ಜಾಗದಿಂದ. ಅದೇ ನಿಯಮದಂತೆ ‘ಬಸವನ’ ಎಂಬಲ್ಲಿಗೆ ವಿಳಾಸ ಮುಗಿಯಿತೆಂದು ತಿಳಿಯಿತು. ಬಸವನ ಬಾಗೇವಾಡಿ ಒಂದೇ ಊರು ಎಂಬುದು ನಿಮಗೂ ನನಗೂ ಗೊತ್ತು, ಅದಕ್ಕೆ ಹೇಗೆ ಗೊತ್ತಾಗಬೇಕು? ತಮಾಷೆಯೆಂದರೆ, ನಾವು ಖಾಲಿ ಎನ್ನುವ ಆ ಜಾಗ ಕಂಪ್ಯೂಟರಿಗೆ ಖಾಲಿಯೇ ಅಲ್ಲ. ಅಕ್ಷರಗಳಿಗೆ ಇರುವಂತೆ ಅದಕ್ಕೂ ಒಂದು ಸಂಖ್ಯೆ ಇದೆ: 32.

ಜೊತೆಗಿದ್ದ ಶಿಕ್ಷಕರೊಬ್ಬರು, “ಎರಡೂ ಕೂಡಿಸಿ ಬರದು ಬಿಡ್ರಿ ಸರ್, ಮುಗೀತು” ಎಂದರು. ಅನೇಕರು ಮಾಡುವುದೂ ಅದನ್ನೇ. ಹೆಸರನ್ನು ಅಂಟಿಸುತ್ತಾರೆ, ಇಲ್ಲವೇ ನಡುವೆ ಅಡಿಗೆರೆ ಹಾಕುತ್ತಾರೆ. ನಮ್ಮದೇ ಕರಡು ಫೈಲುಗಳಿಗೆ ಹಾಗೆ ಹೆಸರಿಟ್ಟುಕೊಂಡರೆ ನನ್ನ ತಕರಾರಿಲ್ಲ. ಆದರೆ ಊರಿನ ಹೆಸರನ್ನು, ಮನುಷ್ಯರ ಹೆಸರನ್ನು ಯಂತ್ರಕ್ಕಾಗಿ ತಿದ್ದುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಬೆಳಗಾವಿ ಜಿಲ್ಲೆಯಲ್ಲಿ ಹಿರೇಬಾಗೇವಾಡಿ ಇದೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಹುಟ್ಟಿದ ಊರೆಂದೇ ನಮ್ಮದು ಬಸವನ ಬಾಗೇವಾಡಿ. ತಪ್ಪು ನನ್ನ ಚೀಟಿಯಲ್ಲಿತ್ತು, ಊರಿನಲ್ಲಲ್ಲ.

ಹಿಂದೆ ಏನಾಗಿತ್ತು ಗೊತ್ತೇ? ಎಂಎಸ್-ಡಾಸ್ ಎಂಬ ವ್ಯವಸ್ಥೆಯ ಕಾಲದಲ್ಲಿ ಫೈಲಿನ ಹೆಸರು 8 ಅಕ್ಷರ ಮೀರುವಂತಿರಲಿಲ್ಲ. ಇಂಗ್ಲಿಷಿನಲ್ಲಿ ಇಂಡಿಗೆ 4 ಅಕ್ಷರ, ಸಿಂದಗಿಗೆ 7, ಎರಡೂ ಪಾಸು. ಮುದ್ದೇಬಿಹಾಳಕ್ಕೆ 10! ಅದರ ಬಾಲ ಕತ್ತರಿಸಲೇಬೇಕಿತ್ತು. 1995ರಲ್ಲಿ ವಿಂಡೋಸ್ 95 ಬಂದ ಮೇಲೆ ಉದ್ದನೆಯ ಹೆಸರುಗಳಿಗೆ, ಹೆಸರಿನ ನಡುವಿನ ಜಾಗಕ್ಕೆ ಅವಕಾಶವಾಯಿತು. ಬದಲಾದದ್ದು ಯಂತ್ರ, ಮುದ್ದೇಬಿಹಾಳ ಬದಲಾಗಲಿಲ್ಲ. ಇಂದು ಬಾಗೇವಾಡಿಯವರಿಗೆ ಮಾತ್ರ ಹೆಸರು ಬದಲಿಸಿಕೊಳ್ಳಿ ಎನ್ನುವುದು ಯಾವ ನ್ಯಾಯ?

ಸರಿಯಾದ ಉಪಾಯ ನಿಮ್ಮ ವ್ಯಾಕರಣದ ಪಾಠದಲ್ಲೇ ಇದೆ: ಉದ್ಧರಣ ಚಿಹ್ನೆ. ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ, ಒಳಗೆ ಎಷ್ಟು ಜಾಗಗಳಿದ್ದರೂ ಅದು ಒಂದೇ ಮಾತು ಎಂದು ಕಂಪ್ಯೂಟರ್ ಒಪ್ಪುತ್ತದೆ. ಬಿಡಿ ಜೋಳವನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಂತೆ. ನಾನೂ ಹಾಗೆಯೇ ಮಾಡಿದೆ. ಆಗಲೂ ವಿಡಿಯೊ ಬರಲಿಲ್ಲ! ಒಂದು ಕಪ್ಪು ಕಿಟಕಿ ತೆರೆಯಿತು, ಅದರ ನೆತ್ತಿಯ ಮೇಲೆ ನನ್ನ ವಿಳಾಸ ಶೀರ್ಷಿಕೆಯಾಗಿ ಕುಳಿತಿತ್ತು. ವಿಂಡೋಸಿನ ‘ಸ್ಟಾರ್ಟ್’ ಆಜ್ಞೆಗೆ ಒಂದು ವಿಚಿತ್ರ ಅಭ್ಯಾಸವಿದೆ: ಉದ್ಧರಣ ಚಿಹ್ನೆಯೊಳಗೆ ಮೊದಲು ಬಂದದ್ದನ್ನು ಅದು ಕಿಟಕಿಯ ಶೀರ್ಷಿಕೆ ಎಂದು ತಿಳಿಯುತ್ತದೆ. ಆದ್ದರಿಂದ ಮೊದಲು ಒಂದು ಖಾಲಿ ಜೋಡಿ ಕೊಟ್ಟು, ಆಮೇಲೆ ವಿಳಾಸ ಕೊಡಬೇಕು:

ಸ್ಟಾರ್ಟ್ "" "ಡಿ:\ಪಾಠ\ಬಸವನ ಬಾಗೇವಾಡಿ\ನೆರಳು.ಎಂಪಿ4"

ಚಿಹ್ನೆಗಳು ನೆಟ್ಟಗಿರಬೇಕು. ಪತ್ರ ಬರೆಯುವ ತಂತ್ರಾಂಶದಲ್ಲಿ ಬರುವ ಬಾಗಿದ ಚಿಹ್ನೆಗಳು ಇಲ್ಲಿ ನಡೆಯುವುದಿಲ್ಲ.

‘ಒಂದು ವಿಡಿಯೊ ಬರಲಿಲ್ಲವೆಂದು ಇಷ್ಟು ದೊಡ್ಡ ಮಾತೇ?’ ಎಂದು ನೀವು ಕೇಳಬಹುದು. 2001ರ ನವೆಂಬರಿನಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ 2.0 ಎಂಬ ಸಂಗೀತದ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಹಳೆಯ ಆವೃತ್ತಿಯನ್ನು ಅಳಿಸಲು ಅದರೊಂದಿಗೆ ಒಂದು ಸ್ಕ್ರಿಪ್ಟ್ ಇತ್ತು. ಡಿಸ್ಕಿನ ಹೆಸರಿಗೆ ಅದರಲ್ಲಿ ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಹೆಸರಿನಲ್ಲಿ ಖಾಲಿ ಜಾಗವಿದ್ದ ಕೆಲವರ ಡಿಸ್ಕುಗಳಲ್ಲಿ ಬೇಕಾದ ಫೈಲುಗಳೇ ಅಳಿಸಿಹೋದವು! ಕಂಪನಿ ಅದನ್ನು ತಕ್ಷಣ ಹಿಂಪಡೆದು, ತಿದ್ದಿದ 2.0.1 ಆವೃತ್ತಿಯನ್ನು ಕೊಟ್ಟಿತು. ಹೋದ ಫೈಲುಗಳು ಹೋದವೇ. ನನಗೆ ಸಿಕ್ಕಿದ್ದು ‘ಸಿಗಲಿಲ್ಲ’ ಎಂಬ ಸಂದೇಶ ಮಾತ್ರ, ಪುಣ್ಯ.

ಇದನ್ನು ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಆಡಿ ನೋಡಬಹುದು. ಒಬ್ಬ ಗೆಳೆಯ ಯಂತ್ರವಾಗಲಿ. ನಾಲ್ಕು ಮಕ್ಕಳು ಊರಿನ ಹೆಸರಿನ ಚೀಟಿ ಹಿಡಿದು ನಿಲ್ಲಲಿ. ಐದನೆಯವನ ಚೀಟಿಯಲ್ಲಿ ಬರೀ ‘ಬಸವನ’ ಎಂದಿರಲಿ. ಯಂತ್ರದ ನಿಯಮ ಒಂದೇ: ಆಜ್ಞೆಯ ನಂತರದ ಮೊದಲ ಪದವೇ ಹೆಸರು. ‘ಕರೆ ಸಿಂದಗಿ’ ಎಂದು ಬರೆದುಕೊಡಿ, ಆಮೇಲೆ ‘ಕರೆ ಬಸವನ ಬಾಗೇವಾಡಿ’ ಎಂದು ಕೊಡಿ. ಬರಬೇಕಾದವನ ಬದಲು ಐದನೆಯವನು ಎದ್ದು ಬರುತ್ತಾನೆ. ವಿಂಡೋಸಿನ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿಗೆ ಚಿಹ್ನೆ ಹಾಕದೆ ಬಿಟ್ಟಾಗ ಕಳ್ಳ ತಂತ್ರಾಂಶಗಳು ನುಗ್ಗಬಹುದಾದ ದಾರಿ ಇದೇ. ಸಿ ಡಿಸ್ಕಿನಲ್ಲಿ ಯಾರಾದರೂ ‘ಪ್ರೋಗ್ರಾಮ್’ ಎಂಬ ಹೆಸರಿನ ತಂತ್ರಾಂಶ ಇಟ್ಟಿದ್ದರೆ, ವಿಂಡೋಸ್ ಮೊದಲು ಅದನ್ನೇ ಓಡಿಸುತ್ತದೆ.

ಈಗ ನನ್ನ ಸ್ಕ್ರಿಪ್ಟಿನಲ್ಲಿ ಎಲ್ಲ ಊರುಗಳಿಗೂ ಉದ್ಧರಣ ಚಿಹ್ನೆ ಹಾಕಿದ್ದೇನೆ, ಜಾಗವಿಲ್ಲದ ಇಂಡಿಗೂ ಸಹ. ಸಿಂದಗಿಯಿಂದ ಬೇರೆಯಾಗಿ ದೇವರ ಹಿಪ್ಪರಗಿ ತಾಲ್ಲೂಕಾದ ಮೇಲೆ ಅದಕ್ಕೂ ಒಂದು ಫೋಲ್ಡರ್ ಬೇಕಾಯಿತು. ಹಳೆಯ ಸಾಲನ್ನು ನಕಲು ಮಾಡಿ, ಊರಿನ ಹೆಸರನ್ನು ಇದ್ದ ಹಾಗೇ ಬರೆದೆ. ಅಲ್ಲಿಯ ಮಕ್ಕಳ ವಿಡಿಯೊ ಮೊದಲ ಸಲಕ್ಕೇ ತೆರೆಯಿತು.